ಡಾಕರ್‌ನಲ್ಲಿ ವೀಟ್: ಸೇವ್ ಮಾಡಿದರೂ ಪುಟ ಬದಲಾಗುತ್ತಿಲ್ಲ

ಪ್ರಶ್ನೆ: ವಿಂಡೋಸ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಲಿನಕ್ಸ್ ಪರಿಸರದಲ್ಲಿ ಓಡಿಸುವ ಸಾಧನ) ಹಾಕಿಕೊಂಡು ವೀಟ್ (ವೆಬ್ ಕೋಡ್ ಬರೆಯುವಾಗ ಬಳಸುವ ಸರ್ವರ್), ರಿಯಾಕ್ಟ್ (ಪುಟವನ್ನು ಕಾಂಪೊನೆಂಟ್ ಎಂಬ ತುಣುಕುಗಳಿಂದ ಕಟ್ಟುವ ಲೈಬ್ರರಿ) ಪ್ರಾಜೆಕ್ಟ್ ಓಡಿಸುತ್ತಿದ್ದೇನೆ. ಕೋಡ್ ಸಿ ಡ್ರೈವ್‌ನಲ್ಲಿದೆ. ಸೇವ್ ಮಾಡಿದರೆ ಏನೂ ಆಗುವುದಿಲ್ಲ, ಕಂಟೇನರ್ ರೀಸ್ಟಾರ್ಟ್ ಮಾಡಿದ ಮೇಲೆಯೇ ಬದಲಾವಣೆ ಕಾಣುತ್ತದೆ. ಲಿನಕ್ಸ್ ಯಂತ್ರದಲ್ಲಿ ಇದೇ ಪ್ರಾಜೆಕ್ಟ್ ಸರಿಯಾಗಿದೆ.

ಉತ್ತರ: ಸೇವ್ ಮಾಡಿದ ಕೂಡಲೇ ಟರ್ಮಿನಲ್ ನೋಡಿ. ‘ಎಚ್‌ಎಂಆರ್ ಅಪ್‌ಡೇಟ್’ (ಎಚ್‌ಎಂಆರ್ ಎಂದರೆ ಪುಟ ರೀಲೋಡ್ ಮಾಡದೆ ಬದಲಾದ ಕೋಡನ್ನಷ್ಟೇ ಬದಲಿಸುವುದು) ಎಂಬ ಸಾಲು ಬಂದೂ ಪುಟ ಬದಲಾಗದಿದ್ದರೆ ಬ್ರೌಸರ್‌ನ ವೆಬ್‌ಸಾಕೆಟ್ ಸಂಪರ್ಕ, ಅಂದರೆ ಸರ್ವರ್ ಬದಲಾವಣೆಯನ್ನು ಬ್ರೌಸರ್‌ಗೆ ತಿಳಿಸುವ ದಾರಿ, ಪರೀಕ್ಷಿಸಬೇಕು. ಸಾಲೇ ಬರದಿದ್ದರೆ ಫೈಲ್ ಬದಲಾದದ್ದು ವೀಟ್‌ಗೆ ಗೊತ್ತೇ ಆಗಿಲ್ಲ. ನಿಮ್ಮದು ಬಹುಶಃ ಎರಡನೆಯದು. ಕಂಟೇನರ್ ಒಳಗಿನ ವಾಚರ್ (ಫೈಲ್‌ಗಳ ಬದಲಾವಣೆ ಗಮನಿಸುವ ಭಾಗ) ಕಾಯುವುದು ಫೈಲ್ ಬದಲಾಯಿತೆಂದು ಲಿನಕ್ಸ್ ಕೊಡುವ ಐನೋಟಿಫೈ ಸೂಚನೆಗಾಗಿ. ವಿಂಡೋಸ್ ಡ್ರೈವ್‌ನಲ್ಲಿರುವ ಫೈಲ್ ತಿದ್ದಿದರೆ ಆ ಸೂಚನೆ ಹುಟ್ಟುವುದೇ ಇಲ್ಲ.

ಪ್ರಾಜೆಕ್ಟನ್ನು ಡಬ್ಲ್ಯೂಎಸ್‌ಎಲ್ 2ರ (ವಿಂಡೋಸ್ ಒಳಗೇ ಓಡುವ ಲಿನಕ್ಸ್) ಹೋಮ್ ಫೋಲ್ಡರ್‌ಗೆ ಸಾಗಿಸಿ, ಅಲ್ಲಿಂದಲೇ ಮೌಂಟ್ ಮಾಡಿ, ಅಂದರೆ ಕಂಟೇನರ್ ಒಳಗೆ ಕಾಣುವಂತೆ ಜೋಡಿಸಿ. ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಮಾತ್ರ ಕಾಪಿ ಮಾಡಬೇಡಿ, ಹೊಸದಾಗಿ ಇನ್‌ಸ್ಟಾಲ್ ಮಾಡಿ. ಅದರೊಳಗಿನ ಕೆಲವು ಬೈನರಿಗಳು ವಿಂಡೋಸ್‌ಗೇ ಸೀಮಿತವಾಗಿರಬಹುದು. ಸಾಗಿಸಲು ಆಗದಿದ್ದರೆ ವೀಟ್ ಕಾನ್ಫಿಗ್‌ನಲ್ಲಿ ಸರ್ವರ್, ಅದರೊಳಗೆ ವಾಚ್, ಅಲ್ಲಿ ‘ಯೂಸ್‌ಪೋಲಿಂಗ್’ ಅನ್ನು ಟ್ರೂ ಮಾಡಿ. ಪೋಲಿಂಗ್ ಎಂದರೆ ಪ್ರತಿ ಫೈಲನ್ನೂ ಮತ್ತೆ ಮತ್ತೆ ತಡವಿ ನೋಡುವುದು. ಸಿಪಿಯು ಬಳಕೆ ಏರುತ್ತದೆ, ಹಾಗಾಗಿ ಇಂಟರ್ವಲ್ ಅನ್ನು 1000 ಮಿಲಿಸೆಕೆಂಡ್‌ವರೆಗೆ ಹೆಚ್ಚಿಸಬಹುದು. ನನ್ನ ಆಯ್ಕೆ ಮಾತ್ರ ಯಾವಾಗಲೂ ಮೊದಲನೆಯದೇ, ಅಂದರೆ ಸಾಗಿಸುವುದೇ.

ಇನ್ನೊಬ್ಬರ ಸೇರ್ಪಡೆ: ಇಡೀ ಫೋಲ್ಡರನ್ನೇ ಮೌಂಟ್ ಮಾಡಿ, ಒಂಟಿ ಫೈಲನ್ನಲ್ಲ. ಕೆಲವು ಎಡಿಟರ್‌ಗಳು ಹೊಸ ಫೈಲ್ ಬರೆದು ಹಳೆಯದರ ಹೆಸರಿಡುತ್ತವೆ. ಐನೋಡ್ (ಫೈಲನ್ನು ಲಿನಕ್ಸ್ ಗುರುತಿಸುವ ಒಳಗಿನ ಸಂಖ್ಯೆ) ಬದಲಾದ್ದರಿಂದ ಕಂಟೇನರ್‌ಗೆ ಹಳೆಯ ಫೈಲೇ ಕಾಣುತ್ತಿರುತ್ತದೆ.

ಪ್ರಶ್ನೆ: ಸಾಗಿಸಿದೆ, ಈಗ ತಕ್ಷಣ ಬದಲಾಗುತ್ತಿದೆ, ಧನ್ಯವಾದ ಸರ್. ಆದರೆ ಕೆಲವು ಫೈಲ್ ತಿದ್ದಿದಾಗ ಪುಟವೇ ರೀಲೋಡ್ ಆಗಿ, ತುಂಬಿದ್ದ ಫಾರ್ಮ್ ಖಾಲಿಯಾಗುತ್ತದೆ.

ಉತ್ತರ: ಆ ಫೈಲ್‌ಗಳು ಕಾಂಪೊನೆಂಟ್ ಜೊತೆಗೆ ಬೇರೇನನ್ನಾದರೂ ಎಕ್ಸ್‌ಪೋರ್ಟ್ ಮಾಡುತ್ತಿವೆಯೇ ನೋಡಿ. ಒಂದು ಹೆಲ್ಪರ್ ಫಂಕ್ಷನ್ ಇದ್ದರೂ ಸಾಕು, ಫಾಸ್ಟ್ ರಿಫ್ರೆಶ್ (ರಿಯಾಕ್ಟ್‌ಗಾಗಿ ಎಚ್‌ಎಂಆರ್ ಮಾಡುವ ವ್ಯವಸ್ಥೆ) ಆ ಫೈಲನ್ನು ಅಲ್ಲೇ ಬದಲಿಸಲಾರದು. ಅಪ್‌ಡೇಟ್ ಅದನ್ನು ಇಂಪೋರ್ಟ್ ಮಾಡುವ ಫೈಲ್‌ಗಳತ್ತ ಏರುತ್ತದೆ, ಎಲ್ಲೂ ನಿಲ್ಲದಿದ್ದರೆ ಪೂರ್ತಿ ರೀಲೋಡ್. ಹೆಲ್ಪರನ್ನು ಬೇರೆ ಫೈಲ್‌ಗೆ ಹಾಕಿ. ಇಎಸ್‌ಲಿಂಟ್‌ನ (ಕೋಡ್‌ನ ದೋಷ ಹುಡುಕುವ ಸಾಧನ) ರಿಯಾಕ್ಟ್ ರಿಫ್ರೆಶ್ ಪ್ಲಗಿನ್ ಇಂಥವನ್ನು ಬರೆಯುವಾಗಲೇ ತೋರಿಸುತ್ತದೆ. ಒಂದನ್ನೊಂದು ಇಂಪೋರ್ಟ್ ಮಾಡಿಕೊಳ್ಳುವ ಫೈಲ್‌ಗಳೂ ರೀಲೋಡ್‌ಗೆ ಕಾರಣವಾಗಬಹುದು.

ರೀಲೋಡ್ ಇಲ್ಲದೆಯೂ ಸ್ಟೇಟ್ (ತುಂಬಿದ ಫಾರ್ಮ್‌ನಂತೆ ಕಾಂಪೊನೆಂಟ್ ನೆನಪಿಟ್ಟುಕೊಂಡ ಮಾಹಿತಿ) ಹೋಗುವುದುಂಟು: ಕ್ಲಾಸ್ ಕಾಂಪೊನೆಂಟ್ ಇದ್ದಾಗ, ಹೆಸರಿಲ್ಲದ ಡೀಫಾಲ್ಟ್ ಎಕ್ಸ್‌ಪೋರ್ಟ್ ಇದ್ದಾಗ, ಹುಕ್‌ಗಳ (ಸ್ಟೇಟ್ ಮುಂತಾದವನ್ನು ಬಳಸಲು ರಿಯಾಕ್ಟ್ ಕೊಡುವ ಫಂಕ್ಷನ್‌ಗಳು) ಕ್ರಮ ಬದಲಾದಾಗ. ಇನ್ನೊಂದು ವಿಷಯ, ಯೂಸ್‌ಎಫೆಕ್ಟ್ ಎಂಬ ಹುಕ್‌ನ ಡಿಪೆಂಡೆನ್ಸಿ ಪಟ್ಟಿ (ಯಾವುದು ಬದಲಾದರೆ ಮತ್ತೆ ಓಡಬೇಕೆಂಬ ಪಟ್ಟಿ) ಖಾಲಿಯಿದ್ದರೂ, ಕಾಂಪೊನೆಂಟ್ ತಿದ್ದಿ ಸೇವ್ ಮಾಡಿದಾಗ ಅದು ಮತ್ತೆ ಓಡುತ್ತದೆ. ಅದರಲ್ಲಿ ಟೈಮರ್ ಶುರು ಮಾಡಿ, ಅದನ್ನು ನಿಲ್ಲಿಸುವ ಕ್ಲೀನಪ್ ಬರೆಯದಿದ್ದರೆ ಪ್ರತಿ ಸೇವ್‌ಗೂ ಒಂದೊಂದು ಟೈಮರ್ ಹೆಚ್ಚಾಗುತ್ತಾ ಹೋಗುತ್ತದೆ.

ಪ್ರಶ್ನೆ: ಪೈಥಾನ್ ಎಪಿಐನಲ್ಲೂ ಹೀಗೆ ಸ್ಟೇಟ್ ಉಳಿಸಬಹುದೇ?

ಉತ್ತರ: ಯುವಿಕಾರ್ನ್‌ನ (ಪೈಥಾನ್ ಎಪಿಐ ಓಡಿಸುವ ಸರ್ವರ್) ರೀಲೋಡ್ ಆಯ್ಕೆ ಸರ್ವರ್ ಪ್ರೊಸೆಸ್ಸನ್ನೇ ಮತ್ತೆ ಶುರು ಮಾಡುತ್ತದೆ, ಮೆಮೊರಿಯಲ್ಲಿದ್ದುದು ಉಳಿಯದು. ಲಾಗಿನ್ ಸೆಷನ್‌ಗಳನ್ನು ಡೇಟಾಬೇಸ್‌ನಲ್ಲಿಡಿ. ಯಾವ ಫೋಲ್ಡರ್ ಗಮನಿಸಬೇಕೆಂದು ಹೇಳುವ ‘ರೀಲೋಡ್ ಡಿರ್’ನಲ್ಲಿ ಕೋಡ್ ಇರುವ ಫೋಲ್ಡರನ್ನಷ್ಟೇ ಕೊಡಿ. ಪ್ರೊಡಕ್ಷನ್‌ನಲ್ಲಿ (ಜನ ನಿಜವಾಗಿ ಬಳಸುವ ಸರ್ವರ್‌ನಲ್ಲಿ) ರೀಲೋಡ್ ಆಯ್ಕೆ ಬೇಡವೇ ಬೇಡ.