ಹತ್ತು ನಿಮಿಷದ ವೈರಿಂಗ್: ಮನೆ ಗುಂಪಿನಲ್ಲಿ ಒಂದು ಜಗಳ

ಶನಿವಾರ

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೋ) ಎಲ್ಲರೂ ನೋಡಿ. ರೇಡಿಯೇಟರ್ ಫ್ಯಾನಿಗೆ ಒಂದು ಸ್ವಿಚ್, ಎರಡು ವೈರ್, ಹತ್ತು ನಿಮಿಷದ ಕೆಲಸ. ನಮ್ಮ ಹಳೇ ಕಾರಿನ ಬೆಲ್ಟ್ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿ ಆಗಿದೆ. ವೈರಿಂಗ್ ಒಂದೇ ಬಾಕಿ. ನಾಳೆ ಹೀಗೇ ಮಾಡಿಬಿಡುತ್ತೇನೆ.

ಅಕ್ಕ: ಇಷ್ಟು ಸುಲಭಾನಾ! 👍

ನಾನು: ಚಿಕ್ಕಪ್ಪ, ದಯವಿಟ್ಟು ಹೀಗೆ ಮಾಡಬೇಡಿ. ಫ್ಯಾನಿನ ಪೂರ್ತಿ ಕರೆಂಟ್ ಆ ಡ್ಯಾಶ್‌ಬೋರ್ಡ್ ಸ್ವಿಚ್ ಮೂಲಕವೇ ಹೋಗುತ್ತಿದೆ. ರಿಲೇ ಇಲ್ಲ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಫ್ಯೂಸ್ ಕೂಡ ಇಲ್ಲ.

ಚಿಕ್ಕಪ್ಪ: ಫ್ಯಾನ್ ತಿರುಗುತ್ತಿದೆ ತಾನೇ?

ನಾನು: ಮೊದಮೊದಲು ತಿರುಗುತ್ತದೆ. ನಾನು ತೆಗೆದುಕೊಂಡ ಹಳೇ ಕಾರಿನಲ್ಲೂ ಯಾರೋ ಹೀಗೇ ಎಳೆದಿದ್ದರು. ಒಂದು ದಿನ ಡ್ಯಾಶ್‌ಬೋರ್ಡಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಸ್ವಿಚ್ ಬಿಚ್ಚಿ ನೋಡಿದೆ. ಹಿಂಭಾಗ ಕಂದು ಬಣ್ಣಕ್ಕೆ ತಿರುಗಿ ಒಂದು ಕಡೆ ಕುಸಿದಿತ್ತು. ಪಿನ್ ಕಪ್ಪಾಗಿತ್ತು. ಪಿನ್ನಿನ ಹತ್ತಿರ ಒಂದಿಂಚು ವೈರ್ ಬಿರುಸಾಗಿ, ಬಗ್ಗಿಸಿದ ಕೂಡಲೇ ಮೇಲಿನ ಕವಚ ಒಣ ಎಲೆಯ ಹಾಗೆ ಉದುರಿತು. ಅದರ ಪಕ್ಕದಲ್ಲೇ ಬೇರೆ ವೈರ್‌ಗಳ ಕಟ್ಟು ಇತ್ತು. ಈಗಲೂ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಅಣ್ಣ: ಲೋ, 12 ವೋಲ್ಟ್ ಕಣೋ. ಕೈಯಲ್ಲಿ ಮುಟ್ಟಿದರೂ ಏನೂ ಆಗಲ್ಲ. ಸುಮ್ನೆ ಯಾಕೆ ಹೆದರಿಸುತ್ತೀಯ?

ನಾನು: ಶಾಕ್ ಹೊಡೆಯಲ್ಲ ಅಣ್ಣ, ನಿಜ. ಆದರೆ ವೋಲ್ಟ್ ಕಮ್ಮಿ ಇರುವುದರಿಂದಲೇ ಆಂಪ್ ಜಾಸ್ತಿ. 180 ವ್ಯಾಟ್ ಫ್ಯಾನ್ ಅಂದರೆ 12 ವೋಲ್ಟಿಗೆ 15 ಆಂಪ್. ನಿಂತ ಮೋಟಾರ್ ಹೊರಡುವ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು ಎಳೆಯುತ್ತದೆ. ವೈರ್ ಬಿಸಿಯಾಗಲು ಬೇಕಾಗಿರುವುದು ಆಂಪ್.

ಇನ್ನೊಂದು ಲೆಕ್ಕ ನೋಡು. 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಬ್ಯಾಟರಿಯಿಂದ ಸ್ವಿಚ್ಚಿಗೆ, ಅಲ್ಲಿಂದ ಮತ್ತೆ ಮುಂದೆ ಫ್ಯಾನಿಗೆ, ಎಲ್ಲಾ ಸೇರಿ 6 ಮೀಟರ್ ಓಡಿತು ಅಂದುಕೋ. 15 ಆಂಪಿಗೆ ಹೆಚ್ಚುಕಮ್ಮಿ 1 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಆಗ ಫ್ಯಾನ್ ನಿಧಾನ. ಟ್ರಾಫಿಕ್‌ನಲ್ಲಿ ನಿಂತಾಗ, ಗಾಳಿ ತುಂಬಾ ಬೇಕಾದ ಹೊತ್ತಿಗೇ ಕಮ್ಮಿ ಗಾಳಿ.

ದೊಡ್ಡಪ್ಪ: ರಿಲೇ ಹಾಕಿದರೆ ಏನು ಬದಲಾಗುತ್ತದೆ? ನನಗೂ ಅರ್ಥವಾಗುವ ಹಾಗೆ ಹೇಳಪ್ಪ.

ನಾನು: ದೊಡ್ಡ ಕರೆಂಟ್ ಬಾನೆಟ್ ಒಳಗೇ ಉಳಿಯುತ್ತದೆ ದೊಡ್ಡಪ್ಪ. ಬ್ಯಾಟರಿಯಿಂದ ಫ್ಯೂಸ್ ದಾಟಿ ರಿಲೇಯ 30ನೇ ಪಿನ್ನಿಗೆ, 87ರಿಂದ ಸೀದಾ ಫ್ಯಾನಿಗೆ. 85, 86 ಒಳಗಿನ ಕಾಯಿಲ್‌ನವು, ಅದಕ್ಕೆ ಕರೆಂಟ್ ಬಂದರೆ 30, 87 ಒಂದಕ್ಕೊಂದು ಸೇರುತ್ತವೆ. ಕಾಯಿಲ್ ಎಳೆಯುವುದು ಕಾಲು ಆಂಪಿಗಿಂತ ಕಮ್ಮಿ. ಡ್ಯಾಶ್‌ಬೋರ್ಡ್ ಸ್ವಿಚ್ ಅಷ್ಟನ್ನು ಮಾತ್ರ ಹೊತ್ತರೆ ಸಾಕು.

ಚಿಕ್ಕಪ್ಪ: ಸಾಮಾನು ಜಾಸ್ತಿ ಆದಷ್ಟೂ ಕೆಡುವುದು ಜಾಸ್ತಿ. ದಾರಿಯಲ್ಲಿ ರಿಲೇ ಕೈಕೊಟ್ಟರೆ? ಸ್ವಿಚ್ ನನ್ನ ಕೈಯಲ್ಲಿದ್ದರೆ ನನಗೆ ಧೈರ್ಯ.

ನಾನು: ರಿಲೇ ಕೆಟ್ಟರೆ ಕಿತ್ತು ಇನ್ನೊಂದು ಚುಚ್ಚಿದರಾಯಿತು, ಒಂದು ಕಾರಿನಲ್ಲೇ ಇಟ್ಟುಕೊಳ್ಳಿ. ನನಗೆ ಅದಕ್ಕಿಂತ ಭಯ ಮರೆವಿನದು. ಮಾತಾಡುತ್ತಾ ಓಡಿಸುವಾಗ ಸ್ವಿಚ್ ಒತ್ತುವುದು ಮರೆತರೆ ಎಂಜಿನ್ ವಿಪರೀತ ಬಿಸಿಯಾಗಿ ಅದರ ಹೆಡ್ ಗ್ಯಾಸ್ಕೆಟ್ (ಒಳಗಿನ ಸೀಲ್) ಹೋಗಬಹುದು.

ಅತ್ತೆ: ಅದಂತೂ ನಿಜ. ಇವನು ಇಂಡಿಕೇಟರನ್ನೇ ಆಫ್ ಮಾಡಲ್ಲ.

ಚಿಕ್ಕಪ್ಪ: ಅಕ್ಕಾ 🙏

ನಾನು: ನಿಮ್ಮ ಸ್ವಿಚ್ ತೆಗೆಯಬೇಕಾಗಿಲ್ಲ ಚಿಕ್ಕಪ್ಪ. 86ಕ್ಕೆ ಇಗ್ನಿಷನ್ ಕರೆಂಟ್, ಅಂದರೆ ಕೀ ತಿರುಗಿಸಿದಾಗ ಬರುವುದು, ಕೊಡಿ. 85ನ್ನು ರೇಡಿಯೇಟರಿನ ಥರ್ಮೋ ಸ್ವಿಚ್ (ಬಿಸಿಯಾದಾಗ ತಾನೇ ಆನ್ ಆಗುವುದು) ಮೂಲಕ ಅರ್ತ್ ಮಾಡಿ, ಅಂದರೆ ಕಾರಿನ ತಗಡಿಗೆ ಸೇರಿಸಿ. ಎಂಜಿನ್ನಿನ ಬಿಸಿ ನೀರನ್ನು ರೇಡಿಯೇಟರಿಗೆ ಬಿಡುವ ನಿಮ್ಮ ಥರ್ಮೋಸ್ಟಾಟ್ 82 ಡಿಗ್ರಿಗೆ ತೆರೆಯುವುದಾದರೆ, 92ಕ್ಕೆ ಆನ್ 87ಕ್ಕೆ ಆಫ್ ಆಗುವ ಸ್ವಿಚ್ ಸರಿಹೋಗುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ಚನ್ನು ಅದಕ್ಕೆ ಪ್ಯಾರಲಲ್ ಆಗಿ, 85ರಿಂದಲೇ ಅರ್ತಿಗೆ ಹಾಕಿ. ಥರ್ಮೋ ಸ್ವಿಚ್ ಕೈಕೊಟ್ಟರೂ ನೀವು ಕೈಯಿಂದ ಹಾಕಬಹುದು.

ಚಿಕ್ಕಪ್ಪ: ಓಹೋ. ಎರಡೂ ಇರುತ್ತದಾ? ಇದನ್ನು ಮೊದಲೇ ಹೇಳಬಾರದಿತ್ತಾ ಮರಿ!

ಅಕ್ಕ: ಫ್ಯೂಸ್ ಫ್ಯಾನ್ ಹತ್ತಿರ ತಾನೇ? ಫ್ಯಾನ್ ಉಳಿಯಬೇಕಲ್ವಾ.

ನಾನು: ಇಲ್ಲ ಅಕ್ಕ, ಬ್ಯಾಟರಿ ಹತ್ತಿರ. ಮುಖ್ಯವಾಗಿ ಉಳಿಯಬೇಕಾಗಿರುವುದು ವೈರ್. ಮಧ್ಯದಲ್ಲಿ ಎಲ್ಲೋ ಉಜ್ಜಿ ಕಾರಿನ ತಗಡಿಗೆ ತಗುಲಿದರೆ, ಫ್ಯಾನ್ ಹತ್ತಿರದ ಫ್ಯೂಸಿಗೆ ಅದು ಗೊತ್ತೇ ಆಗಲ್ಲ. ಬ್ಯಾಟರಿಯಿಂದ ಫ್ಯೂಸಿನವರೆಗಿನ ತುಂಡು ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಈ ಫ್ಯಾನಿಗೆ 4 ಸ್ಕ್ವೇರ್ ಎಂಎಂ ವೈರ್, 25 ಆಂಪ್ ಫ್ಯೂಸ್. ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ ಚಿಕ್ಕಪ್ಪ, ರೆಕ್ಕೆ ಹತ್ತಿರ ಕೈ ಇರುತ್ತದೆ.

ಭಾನುವಾರ

ಚಿಕ್ಕಪ್ಪ: (ಫೋಟೋ) ಹತ್ತು ನಿಮಿಷ ಅಲ್ಲ, ಮೂರು ಗಂಟೆ ಹಿಡಿಯಿತು.

ನಾನು: ತುಂಬಾ ಚೆನ್ನಾಗಿದೆ! ರಿಲೇಯ ಪಿನ್‌ಗಳು ಕೆಳಮುಖವಾಗಿವೆ, ನೀರು ನಿಲ್ಲಲ್ಲ. ಅರ್ತ್ ಬೋಲ್ಟಿನ ಕೆಳಗೆ ಪೇಂಟ್ ಕೆರೆದಿರಾ?

ಚಿಕ್ಕಪ್ಪ: ತಗಡು ಹೊಳೆಯುವವರೆಗೂ ಕೆರೆದೆ. ಎಂಜಿನ್ ಆನ್ ಇದ್ದು ಫ್ಯಾನ್ ತಿರುಗುವಾಗ ಬ್ಯಾಟರಿಯಲ್ಲಿ 13.8, ಫ್ಯಾನ್ ಕನೆಕ್ಟರಿನಲ್ಲಿ 13.4.

ಅಣ್ಣ: 0.4 ವೋಲ್ಟ್ ಅಷ್ಟೇನಾ? ಹಾಗಾದರೆ ನನ್ನ ಕಾರಿನ ಫಾಗ್ ಲ್ಯಾಂಪ್ ವೈರಿಂಗ್ ಕೂಡ ಒಮ್ಮೆ ನೋಡೋ.

ಚಿಕ್ಕಪ್ಪ: ಆ ವಿಡಿಯೋವನ್ನು ಇನ್ನೂ ಎರಡು ಗುಂಪಿಗೆ ಹಾಕಿದ್ದೆ. ನಿನ್ನ ರಿಲೇ ಮೆಸೇಜನ್ನೂ ಫ್ಯೂಸಿನದನ್ನೂ ಈಗಲೇ ಅಲ್ಲಿಗೆ ಕಳಿಸುತ್ತೇನೆ.