ವೆನಿಸ್‌ನ ‘ದೋಜೆ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ವೆನಿಸ್ ಗಣರಾಜ್ಯದ ಕೊನೆಯ ದೋಜೆ ಲುದೋವಿಕೊ ಮನೀನ್ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಈ ‘ದೋಜೆ’ ಯಾರು? ದೊರೆಯಾ, ಅಧ್ಯಕ್ಷನಾ?

ಮೂಲ ಲ್ಯಾಟಿನ್‌ನ ‘ದುಕ್ಸ್’, ಅಂದರೆ ಮುಂದಾಳು. ಇಂಗ್ಲಿಷರ ಡ್ಯೂಕ್ ಬಂದಿದ್ದೂ ಅಲ್ಲಿಂದಲೇ. ಇಂಗ್ಲಿಷ್ ನೋಡಿಕೊಂಡು ‘ಡೋಜ್’ ಅಂತ ಬರೆಯುವವರಿದ್ದಾರೆ. ಆದರೆ ಇಟಾಲಿಯನ್ನರ ದಕಾರ ನಮ್ಮದರಂತೆ ಹಲ್ಲಿಗೆ ತಾಗುತ್ತದೆ. ಹಾಗಾಗಿ ‘ದೋಜೆ’ಯೇ ಸರಿ ಅನ್ನಿಸಿತು.

‘ದೊರೆ’ ಅಂದರೆ ಮಗನಿಗೆ ಪಟ್ಟ ಹೋಗುತ್ತದೆ ಅಂತ ಓದುಗ ಅಂದುಕೊಳ್ಳುತ್ತಾನೆ. ಇಲ್ಲಿ ಹಾಗಿರಲಿಲ್ಲ. ಒಮ್ಮೆ ಚೀಟಿ ಎತ್ತಿ, ಒಮ್ಮೆ ಮತ ಹಾಕಿ, ಮತ್ತೆ ಚೀಟಿ ಎತ್ತಿ, ಹೀಗೆ ಸುತ್ತಿ ಬಳಸಿ ಕೊನೆಗೆ ಉಳಿದ 41 ಜನ ದೋಜೆಯನ್ನು ಆರಿಸುತ್ತಿದ್ದರು. ಮನೀನ್ ಆಯ್ಕೆಯಾಗಿದ್ದು 1789ರ ಮಾರ್ಚ್‌ನಲ್ಲಿ. ಹಾಗಂತ ‘ಅಧ್ಯಕ್ಷ’ ಅನ್ನೋಣ ಅಂದರೆ ಅವಧಿಯೇ ಇಲ್ಲ, ಸಾಯುವವರೆಗೂ ಅವನೇ. (ಜಿನೋವಾದಲ್ಲೂ ದೋಜೆ ಇದ್ದ, ಅವನಿಗೆ ಆ ಕಾಲಕ್ಕೆ ಎರಡೇ ವರ್ಷ. ಅಲ್ಲಿ ಅಧ್ಯಕ್ಷ ನಡೆದೀತು.) ಇನ್ನು ಅಧಿಕಾರವೋ, ಹೊರದೇಶದಿಂದ ಬಂದ ಕಾಗದವನ್ನು ಒಬ್ಬನೇ ಒಡೆದು ಓದುವಂತಿರಲಿಲ್ಲ!

‘ಪಟ್ಟ’ ಮಾತ್ರ ಇಟ್ಟುಕೊಳ್ಳೋಣ ಅಂತಿದ್ದೇನೆ. ನಮ್ಮ ಮಠಗಳಲ್ಲೂ ಪಟ್ಟ ಅಂತೀವಲ್ಲ. ಅಲ್ಲೂ ಅಪ್ಪನಿಂದ ಮಗನಿಗೆ ಬರಬೇಕು ಅಂತೇನಿಲ್ಲ, ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ.

ಇನ್ನೊಂದು ತೊಡಕು ತಲೆಯ ಮೇಲಿನದ್ದು. ದೋಜೆ ಹಾಕುತ್ತಿದ್ದುದು ಹಿಂದುಗಡೆ ಕೊಂಬಿನಂತೆ ಏರಿದ ಟೊಪ್ಪಿ. ಅದಕ್ಕೆ ಹೆಸರೇ ‘ಕೊಂಬು’, ಇಟಾಲಿಯನ್‌ನಲ್ಲಿ ಕೋರ್ನೊ. ಅದರೊಳಗೆ ಬಿಳಿ ನಾರುಬಟ್ಟೆಯದೊಂದು ತೆಳು ಟೊಪ್ಪಿ, ಕಿವಿ ಮುಚ್ಚುವಂಥದ್ದು. ಚಿತ್ರ ನೋಡಿದ ಕೂಡಲೇ ನೆನಪಾದದ್ದು ಕುಲಾವಿ! 1797ರ ಮೇ 12ರಂದು, ನೆಪೋಲಿಯನ್ನನ ಸೇನೆ ಹೊಸ್ತಿಲಲ್ಲಿ ನಿಂತಿದ್ದಾಗ, ವೆನಿಸ್ಸನ್ನು ಆಳುತ್ತಿದ್ದ ಕುಲೀನ ಮನೆತನಗಳ ಮಹಾಸಭೆ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ತೀರ್ಮಾನಕ್ಕೆ ಕನಿಷ್ಠ 600 ಜನ ಇರಬೇಕಿತ್ತು, ಬಂದವರು 537. ಅದರಲ್ಲಿ 512 ಜನ ಒಪ್ಪಿದರು. ಮನೀನ್ ತನ್ನ ಕೋಣೆಗೆ ಹೋಗಿ, ಆ ಒಳಟೊಪ್ಪಿ ಬಿಚ್ಚಿ ಆಳಿನ ಕೈಗಿಟ್ಟು, “ತಗೋ, ಇನ್ನು ಇದನ್ನ ಹಾಕೋದಿಲ್ಲ” ಅಂದನಂತೆ. ಇಲ್ಲಿ ‘ಕಿರೀಟ’ ಅಂದರೆ ಮಾತು ಸತ್ತೇಹೋಗುತ್ತದೆ, ಅಲ್ವಾ? ಆದರೆ ಎಪ್ಪತ್ತು ದಾಟಿದ ಮುದುಕನ ತಲೆಗೆ ‘ಕುಲಾವಿ’ ಅಂದರೆ ಓದುಗರು ನಗುತ್ತಾರೋ ಅಂತ ಅಳುಕು.

ಹಾಗೇ, ಅವತ್ತು ಅವನು ಮಾಡಿದ್ದಕ್ಕೆ ಏನನ್ನಬೇಕು? ‘ರಾಜೀನಾಮೆ’ ತೀರಾ ಕಚೇರಿ ಮಾತು. ‘ಪಟ್ಟ ಬಿಟ್ಟುಕೊಟ್ಟ’ ಅಂದರೆ ಯಾರಿಗೋ ಕೊಟ್ಟಂತಾಗುತ್ತದೆ. ಮುಂದೆ ಆ ಪಟ್ಟಕ್ಕೆ ಯಾರೂ ಬರಲೇ ಇಲ್ಲ. ಸದ್ಯಕ್ಕೆ ‘ಪಟ್ಟದಿಂದ ಇಳಿದ’ ಅಂತ ಬರೆದಿದ್ದೇನೆ. ನಿಮ್ಮ ಕಡೆ ಬೇರೆ ಮಾತಿದ್ದರೆ ತಿಳಿಸಿ.