ಹಳೆಯ ಜಿಪ್ಸಿಯ ಸ್ಟಿಯರಿಂಗ್ ಹೊಡೆದುಕೊಳ್ಳುತ್ತಿದೆ, ಮೊದಲು ಯಾವ ಭಾಗ ಬದಲಿಸಬೇಕು?

ಪ್ರಶ್ನೆ, ಮುಂಡರಗಿಯಿಂದ

ನಮಸ್ಕಾರ ಸರ್. ನಮ್ಮಲ್ಲಿ 1999ರ ಮಾರುತಿ ಜಿಪ್ಸಿ ಕಿಂಗ್ ಇದೆ. ಹೊಲಕ್ಕೆ ಮತ್ತು ಕಪ್ಪತಗುಡ್ಡದ ಅಂಚಿನ ಊರುಗಳಿಗೆ ಓಡಾಡಲು ಅದನ್ನೇ ಬಳಸುತ್ತೇವೆ. ಈಚೆಗೆ ಗದಗ ರಸ್ತೆಯಲ್ಲಿ ಗಂಟೆಗೆ 50–60 ಕಿ.ಮೀ. ವೇಗದಲ್ಲಿರುವಾಗ ಮುಂದಿನ ಗಾಲಿ ತಗ್ಗಿಗೆ ಬಿದ್ದರೆ ಸ್ಟಿಯರಿಂಗ್ ಎಡಕ್ಕೂ ಬಲಕ್ಕೂ ಜೋರಾಗಿ ಹೊಡೆದುಕೊಳ್ಳತೊಡಗುತ್ತದೆ. ವೇಗವನ್ನು ಪೂರ್ತಿ ಇಳಿಸುವವರೆಗೂ ನಿಲ್ಲುವುದಿಲ್ಲ. ಇಲ್ಲಿಯ ಮಿಸ್ತ್ರಿಯವರು ಸ್ಟಿಯರಿಂಗ್ ಡ್ಯಾಂಪರ್ (ಸ್ಟಿಯರಿಂಗ್‌ನ ಅಲುಗಾಟ ತಡೆಯುವ ಶಾಕ್ ಅಬ್ಸಾರ್ಬರ್) ಬದಲಿಸಿಕೊಟ್ಟರು. ಕೆಲವು ವಾರ ಸರಿಯಿದ್ದು ಮತ್ತೆ ಅದೇ ತೊಂದರೆ ಬಂದಿದೆ. ಈಗ ಅವರು ಸ್ಟಿಯರಿಂಗ್ ಬಾಕ್ಸ್ (ಸ್ಟಿಯರಿಂಗ್‌ನ ತಿರುವನ್ನು ಗಾಲಿಗಳತ್ತ ಸಾಗಿಸುವ ಹಲ್ಲುಗಳ ಪೆಟ್ಟಿಗೆ) ಬದಲಿಸಬೇಕೆನ್ನುತ್ತಾರೆ, ಗೆಳೆಯರು ಪವರ್ ಸ್ಟಿಯರಿಂಗ್ ಹಾಕಿಸು ಎನ್ನುತ್ತಾರೆ. ಟೈರುಗಳು ಮೂಲ ಅಳತೆಯವಲ್ಲ, ಕೆಸರಿಗೆಂದು ಹಾಕಿಸಿದ ಅಗಲವಾದವು. ಯಾವುದರಿಂದ ಆರಂಭಿಸಬೇಕೆಂದು ದಯವಿಟ್ಟು ತಿಳಿಸಿರಿ.

ಉತ್ತರ, ಹುಬ್ಬಳ್ಳಿ ಗೋಕುಲ ರಸ್ತೆಯ ವರ್ಕ್‌ಶಾಪ್‌ನಿಂದ

ನಮಸ್ಕಾರ. ಸದ್ಯಕ್ಕೆ ಬಾಕ್ಸನ್ನೂ ಪವರ್ ಸ್ಟಿಯರಿಂಗನ್ನೂ ಪಕ್ಕಕ್ಕಿಡಿ. ಬಾಕ್ಸ್ ಸವೆದಿದ್ದರೆ ಗಾಡಿ ನೇರ ರಸ್ತೆಯಲ್ಲೂ ಆ ಕಡೆ ಈ ಕಡೆ ಸರಿಯುತ್ತದೆ, ಅದನ್ನು ಮತ್ತೆ ಮತ್ತೆ ತಿದ್ದುತ್ತ ಓಡಿಸಬೇಕಾಗುತ್ತದೆ. ತಗ್ಗಿಗೆ ಬಿದ್ದ ಮೇಲೆ ತಾನಾಗಿ ಹೊಡೆದುಕೊಳ್ಳುವ ಲಕ್ಷಣ ಬೇರೆ ಕಡೆಯಿಂದ ಬರುತ್ತದೆ, ನನ್ನ ಅನುಭವದಲ್ಲಿ ಹೆಚ್ಚಾಗಿ ಕಿಂಗ್ ಪಿನ್ ಬೇರಿಂಗ್‌ಗಳಿಂದ.

ಜಿಪ್ಸಿಯ ಮುಂಭಾಗದಲ್ಲಿ ಒಂದೇ ಗಟ್ಟಿ ಆಕ್ಸಲ್ ಇದ್ದು, ಎರಡೂ ಗಾಲಿಗಳನ್ನು ಟೈ ರಾಡ್ ಒಂದಕ್ಕೊಂದು ಬಿಗಿದಿರುವುದರಿಂದ, ಒಂದು ಗಾಲಿಗೆ ಬಿದ್ದ ಪೆಟ್ಟು ಇನ್ನೊಂದಕ್ಕೆ ನೇರವಾಗಿ ದಾಟುತ್ತದೆ. ಗಾಲಿಯನ್ನು ಹೊತ್ತು ಎಡಬಲ ತಿರುಗುವ ನಕಲ್‌ಗಳು (knuckle) ಮೇಲೊಂದು ಕೆಳಗೊಂದು ಟೇಪರ್ ಬೇರಿಂಗ್‌ಗಳ ಮೇಲೆ ತಿರುಗುತ್ತವೆ. ಕಿಂಗ್ ಪಿನ್ ಬೇರಿಂಗ್ ಎಂದರೆ ಇವೇ. ಆ ಬೇರಿಂಗ್‌ಗಳನ್ನು ಬೇಕೆಂದೇ ತುಸು ಬಿಗಿಯಾಗಿ ಕೂರಿಸಿರುತ್ತಾರೆ, ಏಕೆಂದರೆ ಗಾಲಿಯ ಅಲುಗಾಟವನ್ನು ಅಲ್ಲೇ ಅಡಗಿಸುವುದು ಆ ಬಿಗಿತವೇ. ಬಿಗಿತ ಹೋದ ಮೇಲೆ ಪೆಟ್ಟು ಅಡಗದೆ ಒಂದು ಗಾಲಿಯಿಂದ ಇನ್ನೊಂದಕ್ಕೆ ಹೋಗಿಬರುತ್ತ ಬೆಳೆಯುತ್ತದೆ. ಹೊಸ ಡ್ಯಾಂಪರ್ ಕೆಲವು ದಿನ ಆ ಹೊಡೆತವನ್ನು ನುಂಗಿಕೊಳ್ಳುತ್ತದೆ, ಆಮೇಲೆ ಅದೂ ಸೋಲುತ್ತದೆ. ನಿಮ್ಮ ಗಾಡಿಯಲ್ಲಿ ಆದದ್ದು ಇದೇ ಇರಬೇಕು.

ಏನನ್ನಾದರೂ ಕೊಳ್ಳುವ ಮೊದಲು ಪರೀಕ್ಷೆ ಮಾಡಿ. ಮುಂದಿನ ಗಾಲಿಯನ್ನು ಜ್ಯಾಕ್‌ನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಪ್ಲೇ (ಸಡಿಲ ಆಟ) ಕಂಡರೆ ಒಬ್ಬರನ್ನು ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಅದು ವ್ಹೀಲ್ ಬೇರಿಂಗ್‌ನದು, ಹಾಗೆಯೇ ಉಳಿದರೆ ಕಿಂಗ್ ಪಿನ್‌ನದು. ಪಕ್ಕದಿಂದ ಪಕ್ಕಕ್ಕೆ ಹಿಡಿದು ಅಲುಗಾಡಿಸಿದಾಗ ಕಾಣುವ ಪ್ಲೇ ಸಾಮಾನ್ಯವಾಗಿ ಟೈ ರಾಡ್ ಎಂಡ್‌ಗಳದು, ಅಂದರೆ ಅದರ ತುದಿಯ ಕೀಲುಗಳದು. ಅದನ್ನು ಖಚಿತಪಡಿಸಿಕೊಳ್ಳಲು ಗಾಡಿಯನ್ನು ನೆಲಕ್ಕಿಳಿಸಿ, ಒಬ್ಬರು ಸ್ಟಿಯರಿಂಗನ್ನು ಸಣ್ಣಗೆ ಎಡಬಲ ಆಡಿಸುತ್ತಿರುವಾಗ ನೀವು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಬೇಕು. ಗಾಲಿ ಗಾಳಿಯಲ್ಲಿದ್ದಾಗ ಈ ಪರೀಕ್ಷೆ ಸುಳ್ಳು ಹೇಳುತ್ತದೆ, ಗಾಡಿಯ ಭಾರ ಟೈರಿನ ಮೇಲಿರಲೇಬೇಕು. ಸ್ಟಿಯರಿಂಗ್ ಶಾಫ್ಟ್‌ನಲ್ಲಿರುವ ರಬ್ಬರ್ ಕಪ್ಲಿಂಗನ್ನೂ ಮರೆಯದೆ ನೋಡಿ. ಅದು ಬಿರುಕು ಬಿಟ್ಟಾಗ ಬಾಕ್ಸಿನ ಮೇಲೆ ತಪ್ಪು ಹೊರಿಸಿದವರನ್ನು ನಾನು ಬಹಳ ಕಂಡಿದ್ದೇನೆ.

ಮರು ಪ್ರಶ್ನೆ, ಮುಂಡರಗಿಯಿಂದ

ತಾವು ಹೇಳಿದಂತೆ ಮಾಡಿದೆವು ಸರ್. ಎಡಗಾಲಿಯಲ್ಲಿ ಬ್ರೇಕ್ ಒತ್ತಿದರೂ ಪ್ಲೇ ಉಳಿಯುತ್ತದೆ. ಆ ಕಡೆಯ ನಕಲ್‌ನಿಂದ ಕಪ್ಪನೆಯ ಎಣ್ಣೆಯೂ ಜಿನುಗಿದೆ. ಬೇರಿಂಗ್ ಬದಲಿಸದೆ ಶಿಮ್ (ನಡುವೆ ಕೊಡುವ ತೆಳು ತಗಡು) ತೆಗೆದು ಬಿಗಿ ಮಾಡಿದರೆ ಸಾಲದೇ ಎಂದು ಮಿಸ್ತ್ರಿಯವರು ಕೇಳುತ್ತಿದ್ದಾರೆ. ಟೈ ರಾಡ್‌ನ ಒಂದು ಎಂಡ್ ಕೂಡ ಸಡಿಲವಾಗಿದೆ.

ಉತ್ತರ

ಶಿಮ್ ತೆಗೆದರೆ ಬಿಗಿಯಾಗುತ್ತದೆ ಎಂಬುದು ನಿಜ, ಆದರೆ ಕಪ್ (ಬೇರಿಂಗ್‌ನ ಹೊರಬಳೆ) ಚೆನ್ನಾಗಿದ್ದರೆ ಮಾತ್ರ ಅದರಿಂದ ಪ್ರಯೋಜನ. ಕಿಂಗ್ ಪಿನ್ ಬೇರಿಂಗ್ ವ್ಹೀಲ್ ಬೇರಿಂಗ್‌ನಂತೆ ಪೂರ್ತಿ ಸುತ್ತುವುದಿಲ್ಲ. ಜೀವಮಾನವಿಡೀ ನೇರ ದಿಕ್ಕಿನ ಆಸುಪಾಸಿನಲ್ಲೇ ಸ್ವಲ್ಪ ಸ್ವಲ್ಪ ತೂಗಾಡುತ್ತಿರುತ್ತದೆ, ಹಾಗಾಗಿ ರೋಲರ್‌ಗಳು ಕಪ್‌ನ ಮೇಲೆ ಒಂದೇ ಜಾಗದಲ್ಲಿ ಗೀರುಗೀರಾಗಿ ಹಳ್ಳ ಮಾಡಿಕೊಂಡಿರುತ್ತವೆ. ಅಂಥ ಬೇರಿಂಗನ್ನು ಬಿಗಿ ಮಾಡಿದರೆ ನೇರ ಹೋಗುವಾಗ ಗಾಲಿ ಆ ಹಳ್ಳದಲ್ಲಿ ಕಚ್ಚಿಕೊಳ್ಳುತ್ತದೆ, ತಿರುವಿನಲ್ಲಿ ಬಿಗಿಯಾಗುತ್ತದೆ, ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ಹಿಂದಿರುಗುವುದೂ ಇಲ್ಲ. ಪಿನ್ ಬಿಚ್ಚಿದ ಮೇಲೆ ಕಪ್‌ನೊಳಗೆ ಉಗುರಿನಿಂದ ಗೀರಿ ನೋಡಿ. ಉಗುರು ತಡೆದರೆ ಕಪ್, ಕೋನ್ (ರೋಲರ್‌ಗಳಿರುವ ಒಳಭಾಗ) ಎರಡನ್ನೂ ಬದಲಿಸಿ. ಎಡಗಾಲಿ ಒಂದೇ ಕೆಟ್ಟಿದ್ದರೂ ಎರಡೂ ಬದಿಯ ನಾಲ್ಕು ಬೇರಿಂಗ್‌ಗಳನ್ನು ಒಟ್ಟಿಗೆ ಹಾಕುವುದೇ ಸರಿ, ಏಕೆಂದರೆ ಬಿಚ್ಚುವ ಕೂಲಿಯೇ ಬೇರಿಂಗ್‌ಗಳ ಬೆಲೆಗಿಂತ ಭಾರವಾಗುತ್ತದೆ.

ಜಿನುಗುತ್ತಿರುವ ಕಪ್ಪು ಎಣ್ಣೆಗೆ ಹೆಚ್ಚಿನ ಗಮನ ಕೊಡಿ. ಆಕ್ಸಲ್ ಟ್ಯೂಬಿನ ಒಳಗಿನ ಆಯಿಲ್ ಸೀಲ್ ಹೋದಾಗ ಡಿಫರೆನ್ಷಿಯಲ್‌ನ ಗೇರ್ ಆಯಿಲ್ ನಕಲ್‌ನೊಳಗೆ ಬಂದು ಅಲ್ಲಿಯ ಗ್ರೀಸನ್ನು ತೆಳ್ಳಗೆ ಮಾಡಿ ಹೊರಗೆ ಹಾಕುತ್ತದೆ. ಹೊರಗಿನಿಂದ ಬರುವ ಹಾನಿ ಇನ್ನೊಂದು. ನಮ್ಮ ಗದಗ, ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣು ಒದ್ದೆಯಾಗಿದ್ದಾಗ ನಕಲ್‌ನ ಒಳಗಿನ ಉಕ್ಕಿನ ಗುಂಡಿನ ಮೇಲೆ ಮೆತ್ತಿಕೊಂಡು, ಒಣಗಿದಾಗ ಕಲ್ಲಿನಂತೆ ಗಟ್ಟಿಯಾಗಿ, ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಹೊರಗಿನ ಒರೆಸುವ ಸೀಲನ್ನು ಕತ್ತರಿಸುತ್ತ ಹೋಗುತ್ತದೆ. ಸೀಲು ಹರಿದ ಮೇಲೆ ಹಳ್ಳ ದಾಟುವಾಗ ನೀರು ನೇರವಾಗಿ ಕೆಳಗಿನ ಬೇರಿಂಗ್‌ಗೆ ಇಳಿಯುತ್ತದೆ. ಕೆಳಗಿನ ಬೇರಿಂಗೇ ಮೊದಲು ತುಕ್ಕು ಹಿಡಿಯುವುದಕ್ಕೆ ಇದೇ ಕಾರಣ. ಆದುದರಿಂದ ಒಳಗಿನ ಸೀಲು, ಹೊರಗಿನ ಸೀಲಿನ ಸೆಟ್ಟು ಎರಡನ್ನೂ ಇದೇ ಸಲ ಹಾಕಿಸಿ, ಗುಂಡಿನ ಮೇಲೆ ತುಕ್ಕಿನ ಕಚ್ಚುಗಳಿದ್ದರೆ ಸಣ್ಣ ಎಮರಿ ಕಾಗದದಿಂದ ನುಣುಪು ಮಾಡಿಸಿ. ಕೆಸರಿನಲ್ಲಿ ಓಡಾಡಿ ಬಂದ ದಿನ ಮಣ್ಣು ಹಸಿಯಿರುವಾಗಲೇ ಅಲ್ಲಿ ನೀರು ಹಾಕಿ ತೊಳೆದರೆ ಸೀಲು ಬಹಳ ಕಾಲ ಬಾಳುತ್ತದೆ. ಆದರೆ ಪ್ರೆಷರ್ ಗನ್‌ನ ಮೂತಿಯನ್ನು ಸೀಲಿನ ಅಂಚಿಗೆ ಹಿಡಿಯಬೇಡಿ.

ಬಿಗಿತವನ್ನು ಕೈಯಂದಾಜಿನಲ್ಲಿ ಬಿಡಬಾರದು. ಟೈ ರಾಡ್ ಕಳಚಿ, ಸೀಲು ಹಾಕುವ ಮೊದಲು, ನಕಲ್‌ನ ತೋಳಿನಲ್ಲಿ ಟೈ ರಾಡ್ ಕೂರುವ ತೂತಿಗೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು. ನಕಲ್ ಅಲುಗಲು ಆರಂಭಿಸುವ ಹೊತ್ತಿಗೆ ತಕ್ಕಡಿ 1ರಿಂದ 1.8 ಕೆ.ಜಿ. ತೋರಿಸಬೇಕು. ಕಡಿಮೆ ಬಂದರೆ ಶಿಮ್ ತೆಗೆಯುವುದು, ಹೆಚ್ಚು ಬಂದರೆ ಸೇರಿಸುವುದು. ಸಂತೆಯಲ್ಲಿ ಸಿಗುವ ಸಾಮಾನ್ಯ ತಕ್ಕಡಿಯೇ ಇದಕ್ಕೆ ಸಾಕು. ಅದನ್ನು ಬಳಸುವ ಮಿಸ್ತ್ರಿಗಳು ಮಾತ್ರ ಬಹಳ ಕಡಿಮೆ.

ಟೈ ರಾಡ್ ಎಂಡ್ ವಿಷಯ ಚಿಕ್ಕದು. ಅವುಗಳಲ್ಲಿ ಬಲ ಮರೆಯದೊಂದು (ಮರೆ ಎಂದರೆ ಥ್ರೆಡ್), ಎಡ ಮರೆಯದೊಂದು ಇರುವುದರಿಂದ ಕೊಳ್ಳುವಾಗ ನೋಡಿಕೊಳ್ಳಿ. ಬಿಚ್ಚುವಾಗ ನಟ್ಟಿನ ತಲೆಗೆ ಸುತ್ತಿಗೆಯಿಂದ ಹೊಡೆದರೆ ಮರೆ ಹಾಳಾಗುತ್ತದೆ. ಪುಲ್ಲರ್ ಇಲ್ಲದಿದ್ದರೆ ತೋಳಿನ ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆ ಆನಿಸಿ ಎದುರು ಬದಿಗೆ ಇನ್ನೊಂದರಿಂದ ಹೊಡೆಯಿರಿ, ಟೇಪರ್ ತಾನಾಗಿ ಬಿಡುತ್ತದೆ. ಕೂರಿಸುವಾಗ ಸ್ಪ್ಲಿಟ್ ಪಿನ್ನಿನ ತೂತು ಸೇರದಿದ್ದರೆ ನಟ್ಟನ್ನು ಮುಂದಿನ ಕಚ್ಚಿನವರೆಗೆ ಬಿಗಿ ಮಾಡಬೇಕೇ ಹೊರತು ಸಡಿಲ ಮಾಡಬಾರದು. ಪಿನ್ನು ಪ್ರತಿ ಸಲವೂ ಹೊಸದೇ ಇರಲಿ.

ಪ್ರಶ್ನೆ, ಧಾರವಾಡದಿಂದ

ಇದೇ ಮಾತಿನಲ್ಲಿ ನನ್ನದೊಂದು ಪ್ರಶ್ನೆ ಸರ್. ನನ್ನ ಜಿಪ್ಸಿಯನ್ನು ಉದ್ದನೆಯ ಶ್ಯಾಕಲ್ (ಸ್ಪ್ರಿಂಗ್ ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿ ಎತ್ತರಿಸಲಾಗಿದೆ. ಅಂದಿನಿಂದ ಸ್ಟಿಯರಿಂಗ್ ಚಕ್ರ ಓರೆಯಾಗಿ ನಿಲ್ಲುತ್ತದೆ, ಉಬ್ಬಿನ ಮೇಲೆ ಗಾಡಿ ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ದಪ್ಪನೆಯ ಟೈ ರಾಡ್ ಮಾಡಿಸಿ, ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ಕೂಡ ಹಾಕಿಸಬೇಕೆಂದಿದ್ದೇನೆ.

ಉತ್ತರ

ಎತ್ತರಿಸಿದಾಗ ಬಾಕ್ಸ್ ಚಾಸಿಯ ಜೊತೆ ಮೇಲೆ ಹೋಗುತ್ತದೆ, ಆಕ್ಸಲ್ ಕೆಳಗೇ ಉಳಿಯುತ್ತದೆ, ಅವೆರಡನ್ನೂ ಸೇರಿಸುವ ಸರಳು, ಅಂದರೆ ಡ್ರ್ಯಾಗ್ ಲಿಂಕ್, ಇಳಿಜಾರಾಗುತ್ತದೆ. ಇಳಿಜಾರಾದ ಲಿಂಕ್ ಸ್ಪ್ರಿಂಗ್ ಮೇಲೆ ಕೆಳಗೆ ಆಡಿದಂತೆಲ್ಲ ಗಾಲಿಯನ್ನು ತಳ್ಳುತ್ತದೆ, ಎಳೆಯುತ್ತದೆ. ನೀವು ಹೇಳುವ ಎಳೆತ ಅದೇ. ಬಾಗು ಕೊಟ್ಟು ತಯಾರಿಸಿದ ಡ್ರ್ಯಾಗ್ ಲಿಂಕ್ ಅಥವಾ ಕೆಳಕ್ಕೆ ಇಳಿದ ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಹೊರಬರುವ ತೋಳು) ಈ ಇಳಿಜಾರನ್ನು ಕಡಿಮೆ ಮಾಡುತ್ತದೆ. ಹಳೆಯ ಲಿಂಕನ್ನೇ ಗ್ಯಾಸ್‌ನಲ್ಲಿ ಕಾಯಿಸಿ ಬಾಗಿಸುವುದು, ತುಂಡು ಸೇರಿಸಿ ವೆಲ್ಡ್ ಮಾಡುವುದು ಇವಕ್ಕೆ ಮಾತ್ರ ಒಪ್ಪಬೇಡಿ. ಸ್ಟಿಯರಿಂಗ್ ಸರಳಿನ ಮೇಲೆ ವೆಲ್ಡಿಂಗ್ ಕಂಡರೆ ನಾನು ಆ ಗಾಡಿಯನ್ನು ರಸ್ತೆಗೆ ಬಿಡುವುದಿಲ್ಲ. ಉದ್ದನೆಯ ಶ್ಯಾಕಲ್‌ನಿಂದ ಕ್ಯಾಸ್ಟರ್ ಕೋನವೂ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿ, ಗಾಲಿ ನೇರಕ್ಕೆ ಮರಳುವ ಗುಣ ಕುಗ್ಗಿರುತ್ತದೆ. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬೆಣೆಯಾಕಾರದ ಶಿಮ್ ಹಾಕಿ ಅದನ್ನು ಸರಿಪಡಿಸಬಹುದು.

ಚಕ್ರ ಓರೆಯಾಗಿದೆಯೆಂದು ಅದನ್ನು ಕಳಚಿ ಬೇರೆ ಹಲ್ಲಿಗೆ ಕೂರಿಸುವುದು ಇಲ್ಲಿ ಸಾಮಾನ್ಯ ರೂಢಿ, ಆದರೆ ಅದು ರೋಗ ಮುಚ್ಚುವ ಕೆಲಸ. ಬಾಕ್ಸಿನೊಳಗಿನ ಹಲ್ಲುಗಳು ನಟ್ಟನಡುವಿನಲ್ಲಿ ಮಾತ್ರ ಅತ್ಯಂತ ಬಿಗಿಯಾಗಿ ಹೊಂದಿಕೊಂಡಿರುತ್ತವೆ. ಡ್ರ್ಯಾಗ್ ಲಿಂಕ್‌ನ ಉದ್ದ ತಪ್ಪಿದ್ದರೆ ಗಾಲಿ ನೇರವಾಗಿರುವಾಗ ಬಾಕ್ಸ್ ನಡುವಿನಿಂದ ಸರಿದಿರುತ್ತದೆ, ಚೆನ್ನಾಗಿರುವ ಬಾಕ್ಸಿನಲ್ಲೂ ಪ್ಲೇ ಇದ್ದಂತೆ ತೋರುತ್ತದೆ. ಆ ಪ್ಲೇ ತೆಗೆಯಲು ಮೇಲಿನ ಅಡ್ಜಸ್ಟಿಂಗ್ ಸ್ಕ್ರೂ ತಿರುಗಿಸಿದರೆ, ಮುಂದೆ ಲಿಂಕ್ ಸರಿಮಾಡಿದ ದಿನ ಬಾಕ್ಸ್ ನಡುವಿನಲ್ಲಿ ಕಚ್ಚಿಕೊಂಡು ಹಲ್ಲು ಸವೆಯುತ್ತದೆ. ಆ ಸ್ಕ್ರೂಗೆ ಕೈ ಹಚ್ಚುವುದು ಎಲ್ಲ ಕೆಲಸ ಮುಗಿದ ಮೇಲೆ.

ಪವರ್ ಸ್ಟಿಯರಿಂಗ್ ಅಗಲ ಟೈರಿಗೆ ಸುಖವೇ, ಇಲ್ಲವೆನ್ನುವುದಿಲ್ಲ. ಆದರೆ ಸವೆದ ಕೀಲುಗಳ ಮೇಲೆ ಅದನ್ನು ಹಾಕಿದರೆ ಕೈಗೆ ಸಿಗುತ್ತಿದ್ದ ಎಚ್ಚರಿಕೆಯೂ ಸಿಗದಂತಾಗುತ್ತದೆ. ಬಾಕ್ಸ್ ಕೂರುವ ಜಾಗದಲ್ಲಿ ಚಾಸಿಗೆ ಬಿರುಕು ಬಿದ್ದಿದೆಯೇ ಎಂದು ಮಣ್ಣು ಕೆರೆದು ಮೊದಲು ನೋಡಿ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮು ತಯಾರಕರ ಮೂಲ ವಿವರಣೆಯಿಂದ ಬೇರೆಯಾಗುವ ಬದಲಾವಣೆಗಳನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. 15 ವರ್ಷ ದಾಟಿದ ಗಾಡಿ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಲೇಬೇಕಾದುದರಿಂದ, ಎತ್ತರಿಸಿದ್ದು ಮತ್ತು ಪವರ್ ಸ್ಟಿಯರಿಂಗ್ ಎರಡರ ಬಗ್ಗೆಯೂ ಮೊದಲು ಅಲ್ಲಿ ವಿಚಾರಿಸಿಕೊಳ್ಳಿ.

ಪ್ರಶ್ನೆ, ಹಾವೇರಿಯಿಂದ

ನಮ್ಮದು ಹಳೆಯ ಮಹೀಂದ್ರಾ ಸಿಜೆ-3ಬಿ ಜೀಪು. ಕಿಂಗ್ ಪಿನ್ ಸರಿಯಿದ್ದರೂ ಸ್ಟಿಯರಿಂಗ್ ಬಹಳ ಸಡಿಲ. ಇದಕ್ಕೂ ಇದೇ ಕ್ರಮವೇ?

ಉತ್ತರ

ಕ್ರಮ ಇದೇ, ಆದರೆ ನಿಮ್ಮ ಜೀಪಿನಲ್ಲಿ ಸವೆಯುವ ಜಾಗಗಳು ಹೆಚ್ಚು. ಬಾಕ್ಸಿನಿಂದ ಬರುವ ಡ್ರ್ಯಾಗ್ ಲಿಂಕ್ ನಡುವಿನ ಬೆಲ್ ಕ್ರ್ಯಾಂಕ್‌ಗೆ (ಪಿನ್ನಿನ ಮೇಲೆ ತಿರುಗುವ ತೋಳು) ಬಂದು, ಅಲ್ಲಿಂದ ಎರಡು ಟೈ ರಾಡ್‌ಗಳು ಗಾಲಿಗಳಿಗೆ ಹೋಗುತ್ತವೆ. ಬೆಲ್ ಕ್ರ್ಯಾಂಕ್‌ನ ಪಿನ್ನು ಮತ್ತು ಬೇರಿಂಗ್ ಗ್ರೀಸ್ ಕಾಣದೆ ಸವೆದಿರುವುದೇ ಹೆಚ್ಚು, ಅದನ್ನು ಮೊದಲು ನೋಡಿ. ಅಲ್ಲಿಯ ಪಿನ್ನನ್ನು ಒಳ್ಳೆಯ ಲೇಥ್‌ನವರು ಮಾಡಿಕೊಡುತ್ತಾರೆ, ಹದ ಮಾಡಿದ ಉಕ್ಕೇ ಇರಬೇಕೆಂದು ಹೇಳಿ ಮಾಡಿಸಿ. ಬಾಕ್ಸಿನೊಳಗೆ ಲಿವರ್‌ನ ಮೊಳೆಗಳು ಸವೆದು ಚಪ್ಪಟೆಯಾಗಿದ್ದರೆ ವೆಲ್ಡ್ ತುಂಬಿ ಅರೆಯಿಸಬೇಡಿ, ಲಿವರ್ ಶಾಫ್ಟನ್ನೇ ಬದಲಿಸಿ.

ಮರು ಪ್ರಶ್ನೆ, ಮುಂಡರಗಿಯಿಂದ

ಕೆಲಸ ಆರಂಭಿಸಿದ್ದೇವೆ ಸರ್. ನೀವು ಹೇಳಿದಂತೆ ಕಪ್‌ಗಳಲ್ಲಿ ಹಳ್ಳಗಳಿದ್ದವು. ಇಲ್ಲಿ ಅಲೈನ್‌ಮೆಂಟ್ ಯಂತ್ರ ಇಲ್ಲ. ಹುಬ್ಬಳ್ಳಿಗೆ ಬರುವ ಮೊದಲು ಅಂದಾಜಿಗೆ ಏನು ಮಾಡಬಹುದು?

ಉತ್ತರ

ಗಟ್ಟಿ ಆಕ್ಸಲ್‌ನಲ್ಲಿ ಟೋ (ಗಾಲಿಗಳ ಮುಂಬದಿ ಒಳಕ್ಕೆ ವಾಲಿರುವ ಅಳತೆ) ಒಂದನ್ನೇ ಹೊಂದಿಸಬೇಕಾಗಿರುವುದರಿಂದ ಟೇಪಿನಿಂದಲೇ ಸರಿಯಾಗಿ ಮಾಡಬಹುದು. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ ನಿಲ್ಲಿಸಿ. ಎರಡೂ ಟೈರುಗಳ ನಡುಗೆರೆಗೆ ಹಿಂಬದಿಯಲ್ಲಿ, ಹಬ್‌ನ ಎತ್ತರದಲ್ಲಿ, ಸುಣ್ಣದ ಗುರುತು ಹಾಕಿ ಅಳೆಯಿರಿ. ಆ ಗುರುತುಗಳು ಮುಂಬದಿಗೆ ಅದೇ ಎತ್ತರಕ್ಕೆ ಬರುವವರೆಗೆ ಗಾಡಿಯನ್ನು ತಳ್ಳಿ ಮತ್ತೆ ಅಳೆಯಿರಿ. ಮುಂದಿನ ಅಳತೆ ಹಿಂದಿನದಕ್ಕಿಂತ 2ರಿಂದ 6 ಮಿ.ಮೀ. ಕಡಿಮೆ ಇರಬೇಕು. ಟೈ ರಾಡ್ ತಿರುಗಿಸಿ ಹೊಂದಿಸಿದ ಮೇಲೆ ಎರಡೂ ತುದಿಯ ಎಂಡ್‌ಗಳು ಒಳಗೆ ಸಮನಾಗಿ ಹೋಗಿವೆಯೇ ಎಂದು ನೋಡಿ ಲಾಕ್ ನಟ್ ಬಿಗಿಯಿರಿ. ಟೈರುಗಳನ್ನು ಬ್ಯಾಲೆನ್ಸ್ ಮಾಡಿಸುವವರೆಗೆ ಗಂಟೆಗೆ 40 ಕಿ.ಮೀ. ಮೀರಬೇಡಿ. ಹುಬ್ಬಳ್ಳಿಗೆ ಬರುವಾಗ ಹಳೆಯ ಬೇರಿಂಗ್‌ಗಳನ್ನೂ ತೆಗೆದಿಟ್ಟ ಶಿಮ್‌ಗಳನ್ನೂ ತನ್ನಿರಿ.